ಗುಡ್‌ವಿಲ್ ಯಾರ ಮನೆಯಲ್ಲಿರಬೇಕು

ಗಂಟಿನ ಕೊನೆಯ ತುದಿಯನ್ನು ದೊಡ್ಡವ್ವ ಕೈಯಿಂದ ಎಳೆಯುವುದಿಲ್ಲ, ಬಲಗಡೆಯ ಹಲ್ಲಿನಿಂದ ಕಚ್ಚಿ ಎಳೆಯುತ್ತಾಳೆ. ಎಳೆಯುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ಬಟ್ಟೆ ಕಿರ್ ಎಂದು ಸಣ್ಣ ಸದ್ದು ಮಾಡಿದ ಮೇಲೆ ಕಣ್ಣು ತೆರೆದು, ಗಂಟಿಗೆ ಅರಿಶಿನ ಕುಂಕುಮ ಹಚ್ಚಿ, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ, ‘ಒಯ್ರಿ ಇನ್ನ’ ಎನ್ನುತ್ತಾಳೆ.

ನಮ್ಮ ಕಡೆ ಮದುವೆಯ ಬಟ್ಟೆ ಖರೀದಿಗೆ ಬಸ್ತಾ ಎನ್ನುತ್ತಾರೆ. ಹುಡುಗಿಯ ಕಡೆಯವರು, ಹುಡುಗನ ಕಡೆಯವರು ಒಟ್ಟಿಗೇ ಟೆಂಪೊ ತುಂಬ ಬಂದು ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕೂತರೆ ಏಳುವುದು ಸಂಜೆಗೇ. ನಡುವೆ ಚಹಾ, ಊಟ, ಸೀರೆಯ ಅಂಚಿನ ವಿಷಯಕ್ಕೆ ಒಂದು ಜಗಳ, ಸಮಾಧಾನಕ್ಕೆ ಮತ್ತೆ ಚಹಾ. ಕೊನೆಗೆ ಕೊಂಡದ್ದನ್ನೆಲ್ಲ ಒಂದೇ ದೊಡ್ಡ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ಯುತ್ತಾರೆ. ಭಾಲ್ಕಿಯಲ್ಲಿರುವ ನನ್ನ ಇಬ್ಬರು ಸೋದರಮಾವಂದಿರ ಬಟ್ಟೆ ಅಂಗಡಿಯಲ್ಲಿ ಆ ಗಂಟನ್ನು ಕಟ್ಟುವವಳು ಅವರ ಅಕ್ಕ, ನನ್ನ ದೊಡ್ಡವ್ವ. ಅವಳು ಕಟ್ಟಿದ ಬಸ್ತಾದ ಮದುವೆ ಮುರಿಯುವುದಿಲ್ಲ ಎಂಬ ನಂಬಿಕೆ ಕಮಠಾಣದಿಂದ ಎಕಂಬಾದವರೆಗೂ ಇದೆ.

ದೊಡ್ಡವ್ವನ ಸ್ವಂತ ಮದುವೆ ನಡೆದದ್ದು ಒಂದು ಮಳೆಗಾಲ ಮಾತ್ರ. ಗಂಡನನ್ನು ಬಿಟ್ಟು ತಾನೇ ಬಸ್ಸು ಹತ್ತಿ ತವರಿಗೆ ಬಂದವಳು. ಆತ ಉದಗೀರದ ಕಡೆ ಈಗಲೂ ಆರಾಮಾಗಿದ್ದಾನೆ, ಆದ್ದರಿಂದ ಅವಳ ಕುಂಕುಮಕ್ಕೆ ಯಾರ ತಕರಾರೂ ಇಲ್ಲ. ಇಂಥವಳ ಕೈಯಿಂದ ಮದುವೆಯ ಗಂಟು ಕಟ್ಟಿಸುವುದು ಹೇಗೆ ಎಂದು ಬಸ್ತಾಕ್ಕೆ ಬಂದಿದ್ದ ಒಬ್ಬ ಅಜ್ಜಿಯನ್ನು ನಾನು ಒಮ್ಮೆ ಕೇಳಿದ್ದೆ.

‘ಬಿಟ್ಟು ಬಂದಾಕಿಗೇ ಗೊತ್ತಿರ್ತದಲ್ಲವ್ವ, ಎಲ್ಲಿ ಸಡ್ಲ ಆಗ್ತದ ಅಂತ,’ ಎಂದಿದ್ದಳು ಅಜ್ಜಿ.

ನಾನು ಬೀದರದಲ್ಲಿ ಅಪ್ಪ ಅವ್ವನ ಜೊತೆ ಇದ್ದು ಒಂದು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಕಾಯಂ ಅಲ್ಲ, ಅತಿಥಿ ಉಪನ್ಯಾಸಕಿ. ಮನೆಯವರ ವ್ಯವಹಾರಕ್ಕೂ ನನ್ನ ಓದಿಗೂ ಸಂಬಂಧ ಬರದಂತೆ ನೋಡಿಕೊಂಡಿದ್ದೆ. ಹೋದ ಮದುವೆ ಸುಗ್ಗಿಯಲ್ಲಿ ಅದು ಸಾಧ್ಯವಾಗಲಿಲ್ಲ. ಇಬ್ಬರೂ ಮಾವಂದಿರು ಬೇರೆಯಾಗಲು ತೀರ್ಮಾನಿಸಿದ್ದರು. ಜಗಳವೇನಿಲ್ಲ, ಮಕ್ಕಳು ಬೆಳೆದಿದ್ದಾರೆ, ಜಾಗ ಸಾಲದು. ದೊಡ್ಡ ಮಾಮಾ ಭಾಲ್ಕಿಯ ಅಂಗಡಿ, ಅದರ ಹೆಸರು ಎರಡನ್ನೂ ಉಳಿಸಿಕೊಳ್ಳುವುದು, ಸಣ್ಣ ಮಾಮಾ ತಮ್ಮ ಪಾಲು ತೆಗೆದುಕೊಂಡು ಔರಾದದಲ್ಲಿ ಹೊಸ ಅಂಗಡಿ ಇಡುವುದು. ಆಡಿಟರ್ ಒಂದು ಕರಡು ತಯಾರಿಸಿ ಕೊಟ್ಟಿದ್ದರು.

‘ಇದರಾಗಿನ ಮಾತು ನಮಗ ಬೈಗುಳ ಇದ್ದಂಗ ಕಾಣಸ್ತಾವ,’ ಎಂದರು ಸಣ್ಣ ಮಾಮಾ ಫೋನಿನಲ್ಲಿ. ‘ಆಡಿಟರ್‌ಗ ಕೇಳಿದ್ರ ಇಂಗ್ಲಿಷಿಗೆ ಇಂಗ್ಲಿಷೇ ಹೇಳ್ತಾನ. ನೀ ಬಾ. ಇಬ್ಬರಿಗೂ ಒಂದೇ ಸಲ ಹೇಳು, ಆಮ್ಯಾಲ ನಿನಗ ಹಿಂಗ ಹೇಳಿದ್ಳು ನನಗ ಹಂಗ ಹೇಳಿದ್ಳು ಅನಬಾರದು.’

ಒಂದು ರಜೆಯ ದಿನ ಭಾಲ್ಕಿಗೆ ಹೋದೆ. ದೊಡ್ಡ ಮಾಮಾ ಗಾದಿಯ ಮೇಲೆ ಲೋಡುದಿಂಬಿಗೆ ಒರಗಿದ್ದರು, ಸಣ್ಣ ಮಾಮಾ ಅವರೆದುರು ಸ್ಟೂಲಿನ ಮೇಲೆ. ನಾನು ಕರಡನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಕಪಾಟುಗಳಿದ್ದವು, ಹೊಲಿಗೆ ಯಂತ್ರ ಇತ್ತು, ನಿಲ್ಲಿಸಿದ್ದ ಜನರೇಟರ್ ಇತ್ತು. ದೊಡ್ಡವ್ವ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಏಕೆಂದರೆ ಅವಳು ಪಾಲುದಾರಳಲ್ಲ. ಆದರೆ ಅಂಗಡಿಯ ಹಿಂದಿನ ಅವಳ ಕೋಣೆ ಮಾತ್ರ ‘ಗೋದಾಮಿಗೆ ಯೋಗ್ಯವಾದ ಸ್ಥಳ’ ಎಂಬ ಸಾಲಿನಲ್ಲಿ ಇತ್ತು. ಅಂಗಡಿ ಒಡೆದ ಮೇಲೆ ಅವಳು ಎಲ್ಲಿರುತ್ತಾಳೆ, ಯಾರ ಮನೆಯಲ್ಲಿ, ಯಾವ ಹಕ್ಕಿನಿಂದ ಎಂಬುದನ್ನು ಯಾರೂ ಮಾತಾಡಿರಲಿಲ್ಲ. ನಾನೂ ಆ ದಿನ ಕೇಳಲಿಲ್ಲ. ನನ್ನನ್ನು ಕರೆದದ್ದು ಪದಗಳ ಅರ್ಥಕ್ಕೆ.

‘ಚಾಲ್ತಿ ಆಸ್ತಿ ಅಂದ್ರೆ ಒಂದು ವರ್ಷದೊಳಗೆ ರೊಕ್ಕ ಆಗುವಂಥದ್ದು,’ ಎಂದು ಶುರು ಮಾಡಿದೆ. ‘ಅಂಗಡಿ ಮಾಲು, ಬರಬೇಕಾದ ಬಾಕಿ, ಇಂಥವು.’

‘ಹಂಗಾದ್ರ ಆ ಸಫಾರಿ ಥಾನು ಎದ್ರಾಗ ಬರ್ತಾವ?’ ಸಣ್ಣ ಮಾಮಾ ಮೇಲಿನ ಖಾನೆ ತೋರಿಸಿದರು. ನಾನು ಹುಟ್ಟುವ ಮೊದಲು ದೊಡ್ಡ ಮಾಮಾ ಕೊಂಡಿಟ್ಟ, ಸಫಾರಿ ಸೂಟಿನ ಕಂದು ಬಟ್ಟೆಯ ಥಾನುಗಳು ಅಲ್ಲಿದ್ದವು.

‘ಕೊಂಡ ಬೆಲೆ, ಈಗಿನ ಪೇಟೆ ಬೆಲೆ, ಎರಡರಾಗ ಯಾವುದು ಕಡಿಮಿನೋ ಅದನ್ನ ಬರೀಬೇಕು ಮಾಮಾ.’

‘ಪೇಟಿ ಬೆಲಿ ಏನದ?’

‘ಯಾರಾದರೂ ಕೊಂಡ್ರೆ ಗೊತ್ತಾಗ್ತದ್ರಿ.’

‘ಫ್ಯಾಷನ್ ತಿರುಗಿ ಬರ್ತದ ತಮ್ಮಾ,’ ಎಂದರು ದೊಡ್ಡ ಮಾಮಾ ಗಂಭೀರವಾಗಿ.

‘ಬರ್ತದ, ಬರ್ತದ. ಬರೋ ಮುಂದ ಅದನ್ನ ಹಾಕ್ಕೊಂಡವ್ರೂ ಸ್ಮಶಾನದಿಂದ ಎದ್ದು ಬರ್ತಾರ.’

ಮುಂದಿನದು ಸವಕಳಿ. ಬಳಸುತ್ತ ಬಳಸುತ್ತ ವಸ್ತು ಸವೆಯುತ್ತದೆ, ಸವೆದಷ್ಟನ್ನು ವರ್ಷವರ್ಷವೂ ಅದರ ಬೆಲೆಯಿಂದ ಕಳೆಯಬೇಕು ಎಂದೆ. ಬಾಗಿಲ ಬಳಿ ಸೀರೆ ಉಟ್ಟು ನಿಂತಿದ್ದ ಗೊಂಬೆಯನ್ನು ಉದಾಹರಣೆಗೆ ತೋರಿಸಿದೆ. ಅದರ ಒಂದು ಕೈ ಎಂದೋ ಹೋಗಿತ್ತು, ಸೆರಗು ಹೊದಿಸಿ ಮುಚ್ಚಿದ್ದರು. ಸಣ್ಣ ಮಾಮಾ ತಲೆದೂಗಿದರು. ದೊಡ್ಡ ಮಾಮಾ ಮಾತ್ರ ಪಂಚೆಯನ್ನು ಮೇಲೆತ್ತಿ ತಮ್ಮ ಮೊಣಕಾಲನ್ನು ಮುಂದೆ ಚಾಚಿದರು.

‘ಇದಕ್ಕ ಎಷ್ಟ್ ಬರದಾರ?’

‘ಅದಕ್ಕ ಬರಿಯೋದಿಲ್ಲ ಮಾಮಾ.’

‘ಯಾಕ? ಗೊಂಬಿಗೆ ಬರೀತೀರಿ. ಈ ಗಾದಿ ಮ್ಯಾಲ ಕುಂತು ಎದ್ದು, ಕುಂತು ಎದ್ದು ನನ್ನ ಮೊಣಕಾಲ ಹೋಗ್ಯಾವ. ಮುಟ್ಟಿ ನೋಡು, ಕಟಕಟ ಅಂತದ. ಸಣ್ಣಾವ ನಿಂತೇ ವ್ಯಾಪಾರ ಮಾಡ್ಯಾನ, ಅವನವು ಹೊಸಾವೇ ಅವ.’

‘ಮನುಷ್ಯರು ಆಸ್ತಿ ಅಲ್ರಿ. ಪುಸ್ತಕದಾಗ ಮನುಷ್ಯರನ್ನ ಬರೆಯೋದಿಲ್ಲ.’

ಅವರು ಪಂಚೆ ಇಳಿಸಿದರು, ಆದರೆ ಒಪ್ಪಿದಂತೆ ಕಾಣಲಿಲ್ಲ. ದೊಡ್ಡವ್ವ ಚಹಾದ ತಟ್ಟೆ ಹಿಡಿದು ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಈ ಮಾತನ್ನು ಅವಳು ಕೇಳಿಸಿಕೊಂಡಳೆಂದು ನನಗೆ ಆಮೇಲೆ ಗೊತ್ತಾಯಿತು.

ಆಮೇಲೆ ಬಂದದ್ದು ಗುಡ್‌ವಿಲ್. ಒಂದೇ ಮಾಲು, ಒಂದೇ ಬೆಲೆ ಇರುವ ಎರಡು ಅಂಗಡಿ ಅಕ್ಕಪಕ್ಕ ಇದ್ದರೂ ಗಿರಾಕಿ ಒಂದಕ್ಕೇ ಹೋಗುತ್ತಾನಲ್ಲ, ಆ ಹೋಗುವಿಕೆಯಿಂದ ಬರುವ ಹೆಚ್ಚಿನ ಲಾಭಕ್ಕೆ ಕಟ್ಟಿದ ಬೆಲೆ ಅದು ಎಂದೆ. ಕಣ್ಣಿಗೆ ಕಾಣದು, ಕೈಗೆ ಸಿಗದು, ಆದರೂ ಆಸ್ತಿ. ಅಂಗಡಿಯನ್ನು, ಹೆಸರನ್ನು ಉಳಿಸಿಕೊಳ್ಳುವವನು ಬಿಟ್ಟು ಹೋಗುವವನಿಗೆ ಅದರಲ್ಲಿ ಅರ್ಧ ಕೊಡಬೇಕು.

ದೊಡ್ಡ ಮಾಮಾ ಲೋಡನ್ನು ಬಿಟ್ಟು ನೆಟ್ಟಗೆ ಕೂತರು. ಕೊಡಬೇಕಾದವರು ಅವರು.

‘ಕಾಣಂಗಿಲ್ಲ, ಸಿಗಂಗಿಲ್ಲ, ರೊಕ್ಕ ಮಾತ್ರ ನಾ ಕೊಡ್ಬೇಕು?’

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪಾಠವನ್ನು ಅರ್ಧಕ್ಕೆ ಬಿಡುವುದು ನನಗೆ ಆಗದು. ನಮ್ಮ ಬಿ.ಕಾಂ. ಪಠ್ಯಗಳಲ್ಲಿ ಗುಡ್‌ವಿಲ್ಲನ್ನು ಪ್ರಾಣಿಗಳಾಗಿ ವಿಂಗಡಿಸಿದ್ದಾರೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಪರೀಕ್ಷೆಗೂ ಕೇಳುತ್ತಾರೆ. ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತದೆ, ಮನೆಯವರು ಬದಲಾದರೂ ಅಲ್ಲೇ ಇರುತ್ತದೆ. ಅಂಗಡಿಯ ಮಾಲೀಕ ಯಾರೇ ಆದರೂ ಅದೇ ಅಂಗಡಿಗೆ ಬರುವ ಗಿರಾಕಿ ಬೆಕ್ಕಿನ ಜಾತಿ. ನಾಯಿ ಮನುಷ್ಯನನ್ನು ಹಚ್ಚಿಕೊಳ್ಳುತ್ತದೆ, ಅವನು ಹೋದಲ್ಲಿ ಹಿಂದೆ ಹೋಗುತ್ತದೆ. ಆ ಥರದ ಗಿರಾಕಿ ನಾಯಿಯ ಜಾತಿ. ಇಲಿಗೆ ಮನೆಯೂ ಇಲ್ಲ, ಮನುಷ್ಯನೂ ಇಲ್ಲ.

ಲೆಕ್ಕಶಾಸ್ತ್ರದ ಯಾವ ಮಾತೂ ಮಾವಂದಿರಿಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

‘ನಮ್ಮದು ಬೆಕ್ಕು,’ ಎಂದರು ಸಣ್ಣ ಮಾಮಾ. ‘ದುಕಾನ ಇಲ್ಲೇ ಇರ್ತದ, ಗಿರಾಕಿನೂ ಇಲ್ಲೇ ಬರ್ತಾರ. ಅಣ್ಣಾ, ನನ್ನ ಅರ್ಧ ತೆಗಿ.’

‘ನಾಯಿ,’ ಎಂದರು ದೊಡ್ಡ ಮಾಮಾ. ‘ಪಕ್ಕಾ ನಾಯಿ. ಬಸ್ತಾದವರು ನನ್ನ ಮಾರಿ ನೋಡಿ ಬರ್ತಾರೇನು, ನಿನ್ನ ಮಾರಿ ನೋಡಿ ಬರ್ತಾರೇನು? ಗಂಟಿಗೆ ಬರ್ತಾರ. ಅಕ್ಕ ಎಲ್ಲಿ ಇರ್ತಾಳ, ಅಲ್ಲಿ ಬರ್ತಾರ. ಅಂದಮ್ಯಾಗ ಗುಡ್‌ವಿಲ್ ಅಕ್ಕನ ಹಿಂದ ಹೋಗ್ತದ. ಅಕ್ಕನ ನೀ ಕರಕೊಂಡು ಹೋಗು, ನನಗ ಅರ್ಧ ನೀ ಕೊಡು.’

‘ನಾ ಯಾಕ ಕರಕೊಂಡು ಹೋಗ್ಲಿ? ಅಕ್ಕ ಇಲ್ಲೇ ಹುಟ್ಟ್ಯಾಳ, ಇಲ್ಲೇ ಇರ್ತಾಳ.’

‘ನಿನ್ನ ಕಂಡ್ರ ಅಕ್ಕಗ ಜಾಸ್ತಿ ಪ್ರೀತಿ. ಸಣ್ಣಾಂವ ನೀ.’

‘ನಿನ್ನನ್ನ ಎತ್ತಿ ಆಡ್ಸ್ಯಾಳ ಅಣ್ಣಾ. ಆ ಋಣ ಎಲ್ಲಿ ಹೋತು?’

ಹೀಗೆ ಇಬ್ಬರು ತಮ್ಮಂದಿರೂ ಅಕ್ಕನ ಪ್ರೀತಿಯನ್ನು ಪರಸ್ಪರರಿಗೆ ಧಾರಾಳವಾಗಿ ಬಿಟ್ಟುಕೊಟ್ಟರು. ದೊಡ್ಡವ್ವ ನಡುವೆ ಬಂದು ಕಪ್ಪುಗಳನ್ನು ಇಟ್ಟಳು. ಯಾರೂ ಅವಳ ಕಡೆ ನೋಡಲಿಲ್ಲ.

ಆಗ ದೊಡ್ಡ ಮಾಮಾರ ಫೋನು ರಿಂಗಾಯಿತು. ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಕಮಠಾಣದ ಒಬ್ಬ ಹುಡುಗಿಯ ತಂದೆ.

‘ಸಾವ್ಕಾರ್ರೆ, ನಾಳಿ ಬಸ್ತಾಕ್ಕ ಬರಬೇಕಂತ ಮಾಡೇವಿ. ಅಕ್ಕಾವ್ರು ಇರ್ತಾರಲ್ರಿ? ಇರಲಿಲ್ಲಂದ್ರ ಹೇಳ್ರಿ, ಅವ್ರು ಇದ್ದಾಗೇ ಬರ್ತೇವಿ. ಎಲ್ಲಿರ್ತಾರ ಅಲ್ಲಿಗೆ ಬರ್ತೇವಿ.’

ದೊಡ್ಡ ಮಾಮಾ ಫೋನು ಇಟ್ಟರು. ಅಕ್ಕನನ್ನು ಕರೆದೊಯ್ಯುವವನು ಒಂದು ಸಲ ಅರ್ಧ ಕೊಡುತ್ತಾನೆ, ಆದರೆ ಪ್ರತಿವರ್ಷದ ಬಸ್ತಾ ಅವನದೇ ಎಂಬುದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು. ಅದನ್ನು ನಾನು ಕಲಿಸಿರಲಿಲ್ಲ.

‘ವಯಸ್ಸಾಗ್ಯಾದ, ಅಕ್ಕಗ ಬಸ್ಸಿನ ತ್ರಾಸ ಬ್ಯಾಡ,’ ಎಂದರು ದೊಡ್ಡ ಮಾಮಾ. ‘ಇಲ್ಲೇ ಇರ್ಲಿ ಪಾಪ.’

‘ಹವಾ ಬದ್ಲಿ ಬೇಕಣ್ಣಾ ಅಕ್ಕಗ,’ ಎಂದರು ಸಣ್ಣ ಮಾಮಾ. ‘ಔರಾದದಾಗ ಹವಾ ಭಾರಿ ಛಲೋ ಅದ.’

ಸಂಜೆಗೆ ಒಂದು ಒಪ್ಪಂದವಾಯಿತು. ನಾಯಿಯೋ ಬೆಕ್ಕೋ ಪರೀಕ್ಷೆ ಮಾಡಿಯೇ ನೋಡುವುದು. ಔರಾದದ ಅಂಗಡಿಯ ಪೂಜೆ ಆಗಿತ್ತು, ಬಾಗಿಲು ತೆರೆಯುವುದಷ್ಟೇ ಬಾಕಿ. ದೊಡ್ಡವ್ವ ಒಂದು ವಾರ ಅಲ್ಲಿರಬೇಕು. ಗಿರಾಕಿಗಳು ಭಾಲ್ಕಿಯಲ್ಲೇ ಉಳಿದರೆ ಬೆಕ್ಕು, ಔರಾದಕ್ಕೆ ಹೋದರೆ ನಾಯಿ. ನಾನು ಇಬ್ಬರಿಗೂ ಬೇಕಾದವಳೆಂದು ತೀರ್ಪು ಹೇಳುವ ಕೆಲಸ ನನಗೆ ಬಂತು. ದೊಡ್ಡವ್ವನಿಗೆ ಹೇಳಿದ್ದು ಇಷ್ಟೇ: ‘ಅಕ್ಕಾ, ಒಂದ್ ವಾರ ಔರಾದಕ್ಕ ಹೋಗಿ ಬಾ.’ ಅವಳು ಸೀರೆಗಳನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಆ ವಾರ ನಾನು ತರಗತಿಗಳ ನಡುವೆ ಉತ್ತರಿಸಿದ ಫೋನುಗಳನ್ನು ಹೀಗೆಂದು ವಿವರಿಸುವುದು ಕಷ್ಟ. ಮೊದಲು ದೊಡ್ಡ ಮಾಮಾ. ಭಾಲ್ಕಿಯಲ್ಲಿ ಗಂಟು ಕಟ್ಟಲು ತಮ್ಮ ಹೆಂಡತಿಯನ್ನು ಕೂರಿಸಿದ್ದರು. ಅತ್ತೆ ಗಟ್ಟಿಗಿತ್ತಿ, ಅವರ ಗಂಟಿನಲ್ಲಿ ದೋಷವೇನಿರಲಿಲ್ಲ. ಆದರೆ ಕಮಠಾಣದ ಬಸ್ತಾದವರು ಬಟ್ಟೆಯನ್ನೆಲ್ಲ ಭಾಲ್ಕಿಯಲ್ಲೇ ಕೊಂಡು, ಅತ್ತೆ ಕಟ್ಟಿದ ಗಂಟನ್ನು ಅವರೆದುರೇ ಬಿಚ್ಚಿ, ಬರಿಯ ಬಟ್ಟೆಯ ರಾಶಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಔರಾದಕ್ಕೆ ಹೋಗಿದ್ದರು, ಗಂಟು ಮಾತ್ರ ಕಟ್ಟಿಸಿಕೊಳ್ಳಲು.

‘ಖರೀದಿ ನನ್ನಲ್ಲಿ, ಗಂಟು ಅಲ್ಲಿ. ಇದು ಯಾವ ಪ್ರಾಣಿ?’

‘ಇಂಥ ಪ್ರಾಣಿ ಪುಸ್ತಕದಾಗ ಇಲ್ರಿ ಮಾಮಾ,’ ಎಂದೆ.

ಸ್ವಲ್ಪ ಹೊತ್ತಿಗೆ ಸಣ್ಣ ಮಾಮಾ. ‘ಬಟ್ಟಿ ಅಣ್ಣನ ಕಡಿ ತಗೊಂಡು ಗಂಟು ನನ್ನ ಕಡಿ ಕಟ್ಟಸ್ಕೊಂಡು ಹೋದ್ರು. ಚಹಾ ಸೈತ ನಂದೇ. ಇದಕ್ಕೇನಂತಾರ?’

‘ಫ್ರೀ ರೈಡರ್ ಅಂತಾರ. ಖರ್ಚು ಒಬ್ಬರದು, ಲಾಭ ಕಾಸು ಕೊಡದೆ ಇನ್ನೊಬ್ಬರಿಗೆ. ಹೊಲದ ಬದುವಿಗೆ ನೀವು ದೀಪ ಹಾಕಿದ್ರೆ ದಾರಿ ಹಿಡಿದು ಹೋಗುವವರಿಗೂ ಬೆಳಕಾಗ್ತದಲ್ಲ, ಹಂಗ.’

‘ಅದಕ್ಕ ಔಷಧ ಏನು?’

‘ಬೆಲೆ ಇಡಬೇಕು, ಇಲ್ಲ ದೀಪ ಆರಿಸಬೇಕು.’

ಮರುದಿನ ಮತ್ತೆ ಅವರೇ. ದನಿ ತಗ್ಗಿಸಿ, ಗುಟ್ಟು ಕೇಳುವವರಂತೆ: ‘ವಿಮಾ ಅಂದ್ರ ಕಳಕೊಂಡ್ರ ರೊಕ್ಕ ಕೊಡ್ತಾರಲ್ಲ? ಅಕ್ಕನ ಬಲಗಡಿ ಹಲ್ಲಿಗೆ ವಿಮಾ ಮಾಡಸ್ಬಹುದೇನು?’

ವಿಮೆಯ ತತ್ವ ಸರಳ: ನಷ್ಟದ ಭಯ ಇರುವ ಬಹಳ ಜನ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ನಿಜಕ್ಕೂ ನಷ್ಟವಾದ ಕೆಲವರಿಗೆ ಅದರಿಂದ ಕೊಡುತ್ತಾರೆ. ಒಂದು ಸಂಸ್ಥೆ ತನಗೆ ಅನಿವಾರ್ಯವಾದ ವ್ಯಕ್ತಿಯ ಮೇಲೆ ವಿಮೆ ಮಾಡಿಸುವ ಪದ್ಧತಿಯೂ ಇದೆ. ಹಲ್ಲಿನ ಬಗ್ಗೆ ಗೊತ್ತಿಲ್ಲ ಎಂದೆ.

‘ವಿಚಾರಿಸಿ ನೋಡು. ನಿನ್ನೆ ಕಡ್ಲಿ ತಿನ್ನಾಕತ್ತಿದ್ಳು. ನನ್ನ ಜೀವ ಹೊಡಕೊಂಡ್ತು.’

ಭಾನುವಾರ ತೀರ್ಪಿಗಾಗಿ ಔರಾದಕ್ಕೆ ಹೋದೆ. ಅಂಗಡಿಯ ಮುಂದೆ ಫಲಕ ತೂಗುಹಾಕಿದ್ದರು: ‘ಇಲ್ಲಿ ಅಕ್ಕಾವರು ಖುದ್ದಾಗಿ ಗಂಟು ಕಟ್ಟುತ್ತಾರೆ.’ ಒಳಗೆ ಬಣ್ಣದ ವಾಸನೆ. ಎಕಂಬಾದ ಒಂದು ಬಸ್ತಾ ನಡೆದಿತ್ತು. ಒಂದು ಗಾದಿಯ ತುಂಬ ಜನ, ಸೀರೆಗಳು, ಅಳುವ ಒಂದು ಕೂಸು. ದೊಡ್ಡವ್ವನನ್ನು ಎಲ್ಲರಿಗೂ ಕಾಣುವಂತೆ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಒಂದು ಟೇಬಲ್ ಫ್ಯಾನನ್ನು ಅವಳೊಬ್ಬಳ ಕಡೆಗೇ ತಿರುಗಿಸಿಟ್ಟಿದ್ದರು. ಅವಳ ಸೆರಗು ಒಂದೇ ಸಮನೆ ಹಾರುತ್ತಿತ್ತು. ಊಟಕ್ಕೆ ಮೆತ್ತಗಿನ ಅನ್ನ, ತೊವ್ವೆ ಮಾತ್ರ. ಹಲ್ಲಿನ ಮುಂಜಾಗ್ರತೆ.

‘ಬಾ, ಹಿಂದ ಹೋಗೋಣು,’ ಎಂದು ನನ್ನನ್ನು ಅಂಗಡಿಯ ಹಿಂದಿನ ನೀರಿನ ಟಾಕಿಯ ಬಳಿ ಕರೆದೊಯ್ದಳು. ‘ನಾ ನಾಯಿನೋ ಬೆಕ್ಕೋ, ಏನಂತ ತೀರ್ಪಾತು?’

ನಾಯಿ ನೀನಲ್ಲ, ಗಿರಾಕಿ ಎಂದು ತಿದ್ದಿದೆ. ಅದೇನೂ ಸಹಾಯವಾಗಲಿಲ್ಲ.

‘ಚಹಾ ಕೊಡಾಕ ಬಂದಾಗ ಕೇಳೇನಿ. ದೊಡ್ಡಾವನ ಮೊಣಕಾಲಿಗೆ ನೀ ಏನಂದಿ? ಮನಷ್ಯಾರು ಆಸ್ತಿ ಅಲ್ಲ, ಅವರನ್ನ ಬರಿಯೋದಿಲ್ಲ ಅಂದಿ. ಅವನ ಮೊಣಕಾಲಿಗಿಲ್ಲದ ಬೆಲಿ ನನ್ನ ಹಲ್ಲಿಗೆ ಹ್ಯಾಂಗ ಬಂತು?’

‘ಹಲ್ಲಿಗೆ ಅಲ್ಲ ದೊಡ್ಡವ್ವ, ನಿನ್ನಿಂದ ಬರೋ ಲಾಭಕ್ಕ.’

‘ಲಾಭ ನನ್ನಿಂದ ಬಂದ್ರ ನನಗ್ಯಾಕ ಬರೋದಿಲ್ಲ?’

‘ನೀ ಪಾಲುದಾರಳಲ್ಲ.’

‘ಹಿಸ್ಸೇದಾರ ಅಂದ್ರ ಏನೇನಿರ್ತದ, ಪೂರಾ ಹೇಳು. ಅವ್ರಿಗೆ ಹೇಳಿದಂಗ ಹೇಳು.’

ನಾನು ತರಗತಿಯಲ್ಲಿ ಹೇಳುವ ಕ್ರಮದಲ್ಲೇ ಹೇಳಿದೆ. ಪಾಲುದಾರನಿಗೆ ಲಾಭದಲ್ಲಿ ಪಾಲು ಇದೆ. ವ್ಯವಹಾರದಲ್ಲಿ ಮಾತಾಡುವ ಹಕ್ಕಿದೆ, ಲೆಕ್ಕ ನೋಡುವ ಹಕ್ಕಿದೆ. ಅವನ ಸಹಿ ನಡೆಯುತ್ತದೆ. ಅವನು ಒಪ್ಪದೆ ಹೊಸಬರನ್ನು ಸೇರಿಸುವಂತಿಲ್ಲ. ನಷ್ಟವಾದರೆ ನಷ್ಟದಲ್ಲೂ ಪಾಲಿದೆ, ಸಾಲ ಬಂದರೆ ಸಾಲಕ್ಕೂ ಹೊಣೆ.

‘ನಷ್ಟಾನೂ?’

‘ನಷ್ಟಾನೂ.’

‘ಅದು ನನಗ ರೂಢಿ ಅದ,’ ಎಂದಳು. ಸ್ವಲ್ಪ ಹೊತ್ತು ಟಾಕಿಯ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡುತ್ತ ನಿಂತಳು. ‘ಪರೀಕ್ಷಾದಾಗ ಇನ್ನೊಂದೇನೋ ಗಟ್ಟಿಯಾಗಿ ಓದ್ತಿದ್ದಿ ನೀ. ಅವಕಾಶದ ವೆಚ್ಚ.’

‘ಒಂದು ದಾರಿ ಹಿಡಿದಾಗ ಬಿಟ್ಟ ಇನ್ನೊಂದು ದಾರಿಯಿಂದ ಏನು ಸಿಗ್ತಿತ್ತೋ ಅದು. ಹೊಲದಾಗ ತೊಗರಿ ಹಾಕಿದ್ರೆ, ಹಾಕದೆ ಬಿಟ್ಟ ಸೋಯಾದ ಲಾಭವೇ ತೊಗರಿಯ ಅವಕಾಶ ವೆಚ್ಚ.’

‘ಹಂಗಾದ್ರ ನಂದು ಏನೂ ಆಗೇ ಇಲ್ಲ. ನನಗ ಯಾರೂ ಎರಡು ದಾರಿ ತೋರ್ಸೇ ಇಲ್ಲ.’

ಅಷ್ಟು ಹೇಳಿ ಅವಳು ಒಳಗೆ ಹೋದಳು. ಎಕಂಬಾದವರ ಬಟ್ಟೆಯೆಲ್ಲ ಹರಡಿದ ಬಟ್ಟೆಯ ಮೇಲೆ ಸಿದ್ಧವಾಗಿತ್ತು. ದೊಡ್ಡವ್ವ ಕೂತು ಮೊದಲ ಸುತ್ತು ಹಾಕಿದಳು, ತುದಿಯನ್ನು ಹಲ್ಲಿನವರೆಗೆ ಒಯ್ದಳು, ತಡೆದು ಕೆಳಗೆ ಬಿಟ್ಟಳು.

‘ತಮ್ಮಾ, ನಾ ಈ ದುಕಾನದಾಗ ಯಾರು?’ ಎಂದಳು ಸಣ್ಣ ಮಾಮಾರಿಗೆ.

‘ನಮ್ಮ ಅಕ್ಕ!’ ಎಂದರು ಅವರು ಎದೆ ಮುಟ್ಟಿಕೊಂಡು, ಗಿರಾಕಿಗಳಿಗೆ ಕೇಳುವಂತೆ.

‘ಅಕ್ಕ ಮನ್ಯಾಗ. ದುಕಾನದಾಗ ಯಾರು?’

ಅವರು ನನ್ನ ಕಡೆ ನೋಡಿದರು. ನಾನು ಸೀರೆಗಳ ಕಡೆ ನೋಡಿದೆ.

‘ಗೊತ್ತಾಗೋ ತನಕಾ ನಾ ತಂಗಿ ಮನ್ಯಾಗ ಇರ್ತೇನಿ. ಹಿಸ್ಸೇದಾರ ಮಾಡ್ಕೊಂಡ್ರ ಕಟ್ತೇನಿ, ಇಲ್ಲಂದ್ರ ಇಲ್ಲ. ನಿನ್ನ ಅಣ್ಣಗೂ ಹೇಳು,’ ಎಂದು ಕೈಚೀಲ ತೆಗೆದುಕೊಂಡು ನನ್ನ ಜೊತೆ ಹೊರಟಳು. ಫ್ಯಾನು ಖಾಲಿ ಕುರ್ಚಿಗೆ ಗಾಳಿ ಹಾಕುತ್ತ ಉಳಿಯಿತು.

ಬೀದರದ ಬಸ್ಸಿನಲ್ಲಿ ಕೂತ ಮೇಲೆ ಹಿಂದಿನ ಬಾಗಿಲಿನಿಂದ ಎಕಂಬಾದವರೂ ಹತ್ತಿದರು. ಎಲ್ಲರೂ ಅಲ್ಲ, ಹುಡುಗಿಯ ಅಜ್ಜಿ, ಇಬ್ಬರು ಅತ್ತೆಯರು, ಮತ್ತು ಬಸ್ತಾ. ಅರ್ಧ ಕಟ್ಟಿದ ಆ ಗಂಟಿನ ಎರಡು ತುದಿಗಳನ್ನು ಅಜ್ಜಿ ಎರಡು ಮುಷ್ಟಿಯಲ್ಲಿ ಹಿಡಿದಿದ್ದಳು. ಟಿಕೆಟಿನ ಕಾಸು ತೆಗೆಯಲು ಕೂಡ ಕೈ ಬಿಡಲಿಲ್ಲ, ಸೊಂಟದ ಚೀಲವನ್ನು ಕಂಡಕ್ಟರನೇ ಬಿಚ್ಚಬೇಕಾಯಿತು.

‘ಏನ್ ಮುದುಕಿ, ಹಾವು ಹಿಡದೀಯೇನ್?’ ಎಂದ ಅವನು.

‘ಮೊಮ್ಮಗಳ ಸಂಸಾರ ಹಿಡದೇನಪ್ಪ. ಗಾಡಿ ಸಾವಕಾಶ ಹೊಡೀ ಅನ್ನು.’

ಸಂಜೆಯ ಹೊತ್ತಿಗೆ ನಮ್ಮ ಮನೆಯ ಮುಂದಿನ ಕೋಣೆ ತುಂಬಿತ್ತು. ಸಣ್ಣ ಮಾಮಾ ಬೈಕಿನಲ್ಲಿ ಬಸ್ಸಿನ ಹಿಂದೆಯೇ ಬಂದಿದ್ದರು. ಅವರ ಫೋನಿಗೆ ದೊಡ್ಡ ಮಾಮಾ ಭಾಲ್ಕಿಯಿಂದ ಬಾಡಿಗೆ ಕಾರು ಮಾಡಿಕೊಂಡು ಬಂದರು. ಅಪ್ಪ ಪೇಪರು ಹಿಡಿದು ಅಂಗಳಕ್ಕೆ ಹೋದರು. ನಾನು ಓದಲು ಕೂರುವ ಕುರ್ಚಿಯ ಮೇಲೆ ಒಬ್ಬ ಅಪರಿಚಿತ ಅತ್ತೆ ಕೂತಿದ್ದಳು, ಟೀಪಾಯಿಯ ಮೇಲೆ ಬಸ್ತಾ, ಅದರ ಎರಡೂ ತುದಿ ಅಜ್ಜಿಯ ಕೈಯಲ್ಲಿ.

‘ಅಕ್ಕಾ, ಸಂಬಂಧದಾಗ ಯಾರರ ಹಿಸ್ಸಾ ಕೇಳ್ತಾರೇನ?’ ಎಂದು ಶುರು ಮಾಡಿದರು ದೊಡ್ಡ ಮಾಮಾ. ‘ನಿನಗ ಊಟಕ್ಕ ಕಮ್ಮಿ ಮಾಡೇವೇನು? ಸೀರಿಗೆ ಕಮ್ಮಿ ಮಾಡೇವೇನು?’

‘ಗೊಂಬಿಗೂ ಸೀರಿ ಉಡಸ್ತೀರಿ,’ ಎಂದಳು ದೊಡ್ಡವ್ವ.

‘ನಷ್ಟ ಆದ್ರ ನೀ ಕಟ್ಟಿಕೊಡ್ತಿಯೇನು?’ ಸಣ್ಣ ಮಾಮಾ ನನ್ನ ಕಡೆ ತಿರುಗಿದರು. ‘ಹೇಳು ನಿನ್ನ ದೊಡ್ಡವ್ವಗ, ನಷ್ಟದಾಗೂ ಹಿಸ್ಸಾ ಇರ್ತದಂತ.’

‘ಹೇಳೇನ್ರಿ,’ ಎಂದೆ.

‘ಒಪ್ಪೇನಿ,’ ಎಂದಳು ದೊಡ್ಡವ್ವ. ‘ಇಬ್ಬರ ದುಕಾನದಾಗೂ ನನ್ನ ಹೆಸರು ಹಾಕ್ರಿ. ಒಂದ್ ಕಡಿ ಹಾಕಿದ್ರ ಇನ್ನೊಬ್ಬ ಅಳ್ತಾನ. ನಾ ಎಲ್ಲಿರ್ತೇನಿ ಅನ್ನೋದು ನಾ ಹೇಳ್ತೇನಿ. ಭಾಲ್ಕ್ಯಾಗಿನ ನನ್ನ ಖೋಲಿ ಗೋದಾಮಲ್ಲ. ಔರಾದಕ್ಕ ಬಸ್ತಾ ಇದ್ದಾಗ ಬರ್ತೇನಿ, ಆ ಫ್ಯಾನ್ ಮಾತ್ರ ಬ್ಯಾಡ, ಕಿವಿ ನೋಯ್ತಾವ.’

ಮಾವಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರೂ ಲೆಕ್ಕ ಹಾಕುತ್ತಿದ್ದರೆಂದು ನನಗನಿಸಿತು. ಲೆಕ್ಕವನ್ನು ಮುಗಿಸಿದವಳು ಎಕಂಬಾದ ಅಜ್ಜಿ.

‘ಸಾವ್ಕಾರ್ರೆ, ನಿಮ್ಮ ಹಿಸ್ಸಾ ನೀವು ಹ್ಯಾಂಗರ ಹಂಚ್ಕೊಳ್ರಿ. ನಾಳಿ ಅಮಾಸಿ. ಇವತ್ತೇ ಕಟ್ಟಸ್ಕೊಂಡು ಹೋಗೋದು, ಇಲ್ಲಂದ್ರ ಈ ಅರಿವಿ ಇಲ್ಲೇ ಬಿಟ್ಟು, ರೊಕ್ಕ ವಾಪಸ್ ತಗೊಂಡು ಹೋಗೋದು. ಯಾರು ಕೊಡ್ತೀರಿ? ಲಗೂ ಹೇಳ್ರಿ, ನನ್ನ ಕೈ ಸೋಲಾಕತ್ತಾವ.’

‘ಅಣ್ಣಾ,’ ಎಂದರು ಸಣ್ಣ ಮಾಮಾ ಬಹಳ ಮೆತ್ತಗೆ.

‘ಹಾಕೋಣು,’ ಎಂದರು ದೊಡ್ಡ ಮಾಮಾ. ‘ಎರಡರಾಗೂ ಹಾಕೋಣು. ಆದ್ರ ಗುಡ್‌ವಿಲ್ಲಿನ ಅರ್ಧ ಇನ್ನ ಯಾರು ಯಾರಿಗೆ ಕೊಡೋದು?’

‘ಯಾರೂ ಯಾರಿಗೂ ಕೊಡೋದಿಲ್ರಿ,’ ಎಂದೆ ನಾನು. ಯಾರೂ ಕೇಳದೆ ನಾನು ಹೇಳಿದ ಮಾತು ಆ ದಿನ ಅದೊಂದೇ. ‘ಗುಡ್‌ವಿಲ್ಲೇ ಈಗ ಎರಡೂ ಕಡೆ ಪಾಲುದಾರಳು.’

ಇಬ್ಬರೂ ನಕ್ಕರು, ಮೊದಲು ಸಣ್ಣವರು, ಆಮೇಲೆ ದೊಡ್ಡವರು, ಹಲ್ಲು ನೋವಿಟ್ಟುಕೊಂಡು ನಗುವ ಹಾಗೆ. ದೊಡ್ಡವ್ವ ಟೀಪಾಯಿಯನ್ನು ತನ್ನ ಕಡೆ ಎಳೆದುಕೊಂಡು ಅಜ್ಜಿಯ ಮುಷ್ಟಿಗಳನ್ನು ಒಂದೊಂದಾಗಿ ಬಿಡಿಸಿದಳು. ಅವ್ವ ಒಳಗಿನಿಂದ ಅರಿಶಿನ ಕುಂಕುಮ ತಂದಳು. ದೊಡ್ಡವ್ವ ತುದಿಯನ್ನು ಹಲ್ಲಿನಿಂದ ಎಳೆದು, ಗಂಟು ತಟ್ಟಿ, ‘ಒಯ್ರಿ ಇನ್ನ’ ಎಂದಳು. ದೊಡ್ಡ ಮಾಮಾ ತಮ್ಮ ಬಾಡಿಗೆ ಕಾರಿನಲ್ಲೇ ಎಕಂಬಾದವರನ್ನು ಬಿಡಲು ಹೋದರು. ಗಂಟು ಮುಂದಿನ ಸೀಟಿನಲ್ಲಿ, ಅವರು ಹಿಂದೆ.

ಪಾಲುದಾರಳಾಗಲು ಪ್ಯಾನ್ ಕಾರ್ಡ್ ಬೇಕು. ದೊಡ್ಡವ್ವನಿಗೆ ಅದಿರಲಿಲ್ಲ, ಅರ್ಜಿಗೆ ಅಂಟಿಸಲು ಅವಳೊಬ್ಬಳದೇ ಫೋಟೊ ಕೂಡ ಇರಲಿಲ್ಲ. ಇದ್ದ ಫೋಟೊಗಳಲ್ಲೆಲ್ಲ ಅವಳು ಯಾರದೋ ಮದುವೆಯ ಗುಂಪಿನ ಅಂಚಿನಲ್ಲಿದ್ದಳು. ಮರುದಿನ ಬೆಳಿಗ್ಗೆ ನಾನು ಮೊದಲ ತರಗತಿಗೆ ಬರುವುದಿಲ್ಲವೆಂದು ಕಾಲೇಜಿಗೆ ಫೋನು ಮಾಡಿ, ಅವಳನ್ನು ಆಟೊದಲ್ಲಿ ಒಂದು ಸ್ಟುಡಿಯೊಕ್ಕೆ ಕರೆದೊಯ್ದೆ. ಅವಳು ಹಿಂದಿನ ಬಿಳಿ ಪರದೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಎಷ್ಟಕ್ಕ ತಗೊಂಡ್ರಿ ಇದನ್ನ?’ ಎಂದು ಕೇಳಿದಳು. ಸ್ಟುಡಿಯೊದವನು ಹೇಳಿದ ಬೆಲೆಗೆ ಅವಳ ಮುಖ ಎಷ್ಟು ಗಂಟಾಯಿತೆಂದರೆ ಅವನು ಮೂರು ಸಲ ‘ಅಮ್ಮಾರ, ಸಾದಾ ಮಾರಿ ಮಾಡ್ರಿ’ ಎನ್ನಬೇಕಾಯಿತು. ನಾನು ಹೋಗಿ ಅವಳ ಸೆರಗನ್ನು ಭುಜದ ಮೇಲೆ ಸರಿಮಾಡಿದೆ. ಆಮೇಲೆ ಅವನು ಹೇಳುವ ಮೊದಲೇ, ನನ್ನ ನೆರಳು ಪರದೆಯ ಮೇಲೆ ಬೀಳದಷ್ಟು ದೂರ ಹೋಗಿ ನಿಂತೆ.